ಪೆಟ್ಟಿಗೆಯಲ್ಲಿ ಇಲ್ಲದ ಎರಡನೇ ಬ್ಯಾಟರಿ

ನಂಬುವುದಾದರೆ ನಂಬಿ, ಇಲ್ಲವಾದರೆ ನಕ್ಕುಬಿಡಿ. ನಗುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ, ಅದು ಬೇರೆ ಮಾತು. ಇದು ನನ್ನ ಕೈಯಲ್ಲೇ ನಡೆದದ್ದು.

ಮದಲೂರು ಕೆರೆಯಲ್ಲಿ ಮೀನು ಹಿಡಿಯುವವನು ನಾನು. ನನ್ನ ಪುಟ್ಟ ಮೋಟಾರ್ ದೋಣಿಗೆ ಎರಡು ಬ್ಯಾಟರಿ, ಒಂದು ಸ್ವಿಚ್ಚು. ಮೊದಲನೆಯದು ಕೈಕೊಟ್ಟರೆ ಸ್ವಿಚ್ಚನ್ನು ಎರಡಕ್ಕೆ ತಿರುಗಿಸಬೇಕು. ಆಪತ್ತಿಗೆಂದೇ ಇಟ್ಟ ಆ ಎರಡನೆಯದರ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ೨ ಎಂದು ಬರೆದಿದ್ದೆ.

ಅವತ್ತು ಸಂಜೆ ಹೆಂಡತಿಯ ತಮ್ಮ ರಂಗನ ಜೊತೆ ಹೋಗಿದ್ದೆ. ನೀರಲ್ಲಿ ನಿಂತ ಜಾಲಿಮರಕ್ಕೆ ಬಲೆ ಸಿಕ್ಕಿಕೊಂಡು ಕತ್ತಲಾಯಿತು. ದೋಣಿಯ ಲೈಟು ಹಾಕಿಕೊಂಡು ಬಹಳ ಹೊತ್ತು ಬಿಡಿಸಿದೆವು. ಕೊಂಬೆಗೆ ಕೈಹಾಕಿದ ರಂಗ "ಅಯ್ಯಪ್ಪೋ!" ಎಂದು ಚೀರಿದ. ಕೊಳಕುಮಂಡಲ ಸರಿದುಹೋದದ್ದು ಕಂಡೆ...

"ಭಾವ, ಕೈ ಉರೀತೈತೆ... ಬಿರ್ರನೆ ದಡ ಸೇರ್ಸು."

ಹೆಂಡತಿಗೆ ಫೋನ್ ಮಾಡಿದೆ. "ಲೇ ಜಯಾ, ನಿನ್ ತಮ್ಮಂಗೆ ಹಾವು ಕಚ್ಚೈತೆ. ಟ್ರ್ಯಾಕ್ಟ್ರು ಕೆರೆ ಏರಿ ತಾವ ತತ್ತಾ!"

ಕೀ ತಿರುಗಿಸಿದೆ. ಟಕ್... ಅಷ್ಟೇ. ಲೈಟು ಬ್ಯಾಟರಿಯನ್ನು ಪೂರ್ತಿ ತಿಂದುಹಾಕಿತ್ತು. ಹುಟ್ಟು ಹಾಕಿಕೊಂಡು ಹೋದರೆ ರಂಗ ಉಳಿಯುವುದಿಲ್ಲ.

ಸ್ವಿಚ್ಚನ್ನು ಎರಡಕ್ಕೆ ತಿರುಗಿಸಿದೆ.

ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಗುಂಯ್ ಅನ್ನುವ ಸದ್ದು... ಹುಳಿಹುಳಿ ಆಸಿಡ್ ವಾಸನೆ. ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಸದ್ಯ, ಬದುಕಿದೆವು ಅಂದುಕೊಂಡೆ.

"ಯಾರ್ ಭಾವ ಅದು... ನನ್ ಕೈ ಹಿಡ್ಕಂಡಿರೋದು?" ರಂಗ ತೊದಲಿದ.

ನನ್ನ ಎರಡೂ ಕೈ ಎಂಜಿನ್ ಮೇಲಿದ್ದವು.

"ಯಾರೂ ಇಲ್ಲ ಕಣ್ಲಾ, ಸುಮ್ಕೆ ಮಲಿಕ್ಕೋ" ಅಂದೆ. ಹಿಂದಕ್ಕೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಏರಿಯ ಮೇಲೆ ಜಯಾ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ರಂಗನನ್ನು ಎತ್ತಿ ಮಲಗಿಸುವಾಗ ಟಾರ್ಚಿನ ಬೆಳಕು ಟ್ರ್ಯಾಕ್ಟರಿನ ಬ್ಯಾಟರಿಯ ಮೇಲೆ ಬಿತ್ತು. ಕೆಂಪು ಬಣ್ಣದ ೨.

"ಇದು ಇಲ್ಲಿಗೆಂಗೆ ಬಂತು?"

"ಮದ್ಯಾನ ಟ್ರ್ಯಾಕ್ಟ್ರು ಸ್ಟಾರ್ಟ್ ಆಗ್ಲಿಲ್ಲ, ದೋಣೀದು ಬಿಚ್ಚಿ ಹಾಕ್ಕಂಡೆ. ಹೇಳಾದು ಮರ್ತೇ ಬುಟ್ಟೆ. ಈಗ ಅದ್ಯಾಕೆ, ಹತ್ತು!"

ನಮ್ಮ ಕಡೆ ಇದು ಮಾಮೂಲಿ. ಯಾವ ಗಾಡಿ ನಿಂತರೂ ಕೈಗೆ ಸಿಕ್ಕ ಬ್ಯಾಟರಿ ಬಿಚ್ಚಿ ಹಾಕುತ್ತಾರೆ.

ಆಸ್ಪತ್ರೆಯಲ್ಲಿ ರಂಗ ಉಳಿದುಕೊಂಡ. ಮಾರನೇ ಬೆಳಿಗ್ಗೆ ದೋಣಿಯ ಪೆಟ್ಟಿಗೆ ತೆರೆದೆ. ಜಯಾ ಟೇಪು ಸುತ್ತಿಟ್ಟ ಎರಡು ವೈರು, ಅಷ್ಟೇ. ಮೆಕ್ಯಾನಿಕ್ಕನಿಗೆ ಹೇಳಿದರೆ, "ಎಷ್ಟ್ ಏರ್ಸಿದ್ರಿ ಅಣ್ಣಾ?" ಎಂದು ನಕ್ಕ.

ರಂಗ ಮತ್ತೆ ದೋಣಿ ಹತ್ತಲಿಲ್ಲ. "ಆ ಕೈ ವದ್ದೆಯಾಗಿತ್ತು ಭಾವ" ಅನ್ನುತ್ತಾನೆ.

ಈಗ ಎರಡನೇ ಬ್ಯಾಟರಿಯನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಹೊರಡುವ ಮುಂಚೆ ನೋಡಲೇಬೇಕಲ್ಲ, ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಇಡುತ್ತೇನೆ... ಒಳಗೆ ಬ್ಯಾಟರಿ ಮಾತ್ರ ಇರಲಪ್ಪಾ ದೇವರೇ ಎಂದುಕೊಂಡು ತೆರೆಯುತ್ತೇನೆ.