ಪುಟ್ಟಯ್ಯ ಬೋಳಿಸಿದ ಮಂಡಿ

ಶಿವಮೊಗ್ಗದ ಮೂಳೆ ಡಾಕ್ಟರಮ್ಮ ತನ್ನನ್ನು ಆಪರೇಷನ್ ಕೋಣೆಯ ಬಾಗಿಲಿನಿಂದಲೇ ವಾಪಸ್ ಕಳಿಸಿದ್ದನ್ನು ಭದ್ರಾವತಿ ನ್ಯೂ ಟೌನಿನ ಪುಟ್ಟಯ್ಯ ಈವತ್ತಿಗೂ ಕ್ಷಮಿಸಿಲ್ಲ. ಕಾಲು ಕೊಳಕಾಗಿದೆ ಅಂದಿದ್ದರೆ ಸಹಿಸುತ್ತಿದ್ದ. ಚೊಕ್ಕ ಮಾಡಿಕೊಂಡು ಬಂದದ್ದೇ ತಪ್ಪು ಅಂದುಬಿಟ್ಟರಲ್ಲ!

ಪುಟ್ಟಯ್ಯ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ತುಕ್ಕು ಉಜ್ಜಿ ತೆಗೆಯದೆ ಬೆಸುಗೆಗೆ ಕೂತವರನ್ನು ಬಾಯಿಗೆ ಬಂದಂತೆ ಬೈದು ಎಬ್ಬಿಸುತ್ತಿದ್ದ. ಅಂಥವನ ಮಂಡಿ ಸವೆದು, ಟೀ ಅಂಗಡಿಗೆ ಹೋಗಲೂ ಹೆಂಡತಿ ಕರಿಬಸಮ್ಮನ ಭುಜ ಹಿಡಿಯಬೇಕಾಯಿತು. ನೋವನ್ನಾದರೂ ತಡೆದಾನು, ಬೀದಿಯವರ ನೋಟ ತಡೆಯಲಾರ. ಮಂಡಿ ಬದಲಿಸಲು ಒಪ್ಪಿದ.

ಡಾಕ್ಟರ್ ಸುಮನಾ ಮೊದಲೇ ಎಚ್ಚರಿಸಿದ್ದರು: ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು, ಬೀಡಿ ಬಿಡಬೇಕು, ಹುಳುಕು ಹಲ್ಲು ತೆಗೆಸಬೇಕು, ಇಲ್ಲದಿದ್ದರೆ ಹೊಸ ಕೀಲಿಗೆ ಸೋಂಕು ತಗಲಿ ಕೀವಾದೀತು. ಹಲ್ಲು ಕೀಳಿಸಿದ. ಸಕ್ಕರೆಯನ್ನು ಕರಿಬಸಮ್ಮ ಇಳಿಸಿದಳು, ಅವನ ತಟ್ಟೆಯ ಅನ್ನ ಕಡಿಮೆ ಮಾಡಿ. ಬೀಡಿ ಬಿಟ್ಟವನು ಬೈಗುಳ ದುಪ್ಪಟ್ಟು ಮಾಡಿದ.

ಆಪರೇಷನ್ನಿನ ಹಿಂದಿನ ದಿನ ಹಿತ್ತಿಲ ಕಲ್ಲಿನ ಮೇಲೆ ಕೂತು ಮಂಡಿಗೆ ಸೋಪು ಹಚ್ಚಿ ರೇಜರ್ ಎತ್ತಿಕೊಂಡ.

"ರೀ ಮಾರಾಯ್ರೇ, ಡಾಕ್ಟ್ರಮ್ಮ ರೇಜರ್ ಮುಟ್ಬೇಡಿ ಅಂದಿದ್ರಲ್ಲ?"

"ಅವ್ರಿಗೇನೇ ಗೊತ್ತು? ಜಾಯಿಂಟ್ ಹಾಕೋ ಜಾಗ ಪಳಪಳ ಅನ್ಬೇಕು. ಪಂತ ಕಣೇ, ಇದು ತಪ್ಪಾದ್ರೆ ಹೊಸ ಕಾಲಲ್ಲಿ ನಿನ್ನ ಕೈ ಹಿಡ್ಕೊಂಡು ಶಿವಮೊಗ್ಗದ ರಾಗಿಗುಡ್ಡ ಹತ್ತಿಸ್ತೀನಿ, ಊರೆಲ್ಲ ನೋಡ್ಲಿ!"

ಬೋಳಿಸಿದ್ದು ಸಾಲದೆಂದು ತೆಂಗಿನ ನಾರಿನಿಂದ ತಿಕ್ಕಿದ. ಮಂಡಿ ಕೆಂಪಗೆ ಹೊಳೆಯಿತು.

ಮರುದಿನ ಡಾಕ್ಟರು ಹೊದಿಕೆ ಸರಿಸಿ ನೋಡಿದರು. "ಏನ್ರೀ ಇದು ಪುಟ್ಟಯ್ಯನೋರೇ, ಬೆಕ್ಕು ಪರಚಿತಾ?"

"ಇಲ್ಲ ಮೇಡಂ, ಕ್ಲೀನಿಂಗು."

"ಒಂದೊಂದು ಗೀರೂ ಕ್ರಿಮಿಗೆ ಬಾಗಿಲು ಕಣ್ರೀ. ಕೂದ್ಲು ತೆಗೀಲೇಬೇಕಂದ್ರೆ ನಾವೇ ಮೆಷಿನ್‌ನಲ್ಲಿ ತೆಗೀತೀವಿ. ಇದು ಪೂರ್ತಿ ಮಾಯ್ಲಿ, ಆಮೇಲೆ ಬನ್ನಿ."

ಬಸ್ಸಿನಲ್ಲಿ ಕರಿಬಸಮ್ಮ ಕಿಟಕಿಯಾಚೆ ರಾಗಿಗುಡ್ಡ ಕಾಣುತ್ತದೇನೋ ಎಂದು ಇಣುಕುತ್ತ ಕೂತಳು. ಅದಕ್ಕೇ ಅವನ ಮೈ ಉರಿಯಿತು. ಇಳಿಯುವಾಗ ಮತ್ತೆ ಅದೇ ಭುಜ ಹಿಡಿಯಬೇಕಾಯಿತಲ್ಲ!

ಗೀರು ಮಾಯ್ದವು, ಆಪರೇಷನ್ ಆಯಿತು, ಸೋಂಕು ಹತ್ತಿರ ಸುಳಿಯಲಿಲ್ಲ. ಈಗ ಅವನೊಬ್ಬನೇ ಟೀ ಅಂಗಡಿಗೆ ಹೋಗಿ, ಹಳೆ ಜೊತೆಗಾರ ಬೀರಪ್ಪನಿಗೆ ಹೇಳುತ್ತಾನೆ: "ಆಯಮ್ಮಂಗೆ ಕೆಲ್ಸ ಚೆನ್ನಾಗ್ ಬರುತ್ತೆ ಕಣೋ. ಕ್ಲೀನಿಂಗ್ ಒಂದ್ ಬರಲ್ಲ."

ತಪಾಸಣೆಗೆಂದು ಶಿವಮೊಗ್ಗಕ್ಕೆ ಹೋದಾಗಲೆಲ್ಲ ಕರಿಬಸಮ್ಮ ಕೇಳುತ್ತಾಳೆ: "ಹಂಗೇ ರಾಗಿಗುಡ್ಡಕ್ಕೆ ಹೋಗಿ ಬರಣೇನ್ರೀ?"

"ಗುಡ್ಡ ಹತ್ತಬಾರ್ದು ಅಂದಿದಾರೆ ಕಣೇ ಡಾಕ್ಟ್ರು. ದೊಡ್ಡೋರ ಮಾತು ಕೇಳ್ಬೇಕು."

ನಿಧಾನಕ್ಕೆ ಹತ್ತಬಹುದು ಎಂದು ಡಾಕ್ಟರು ಹೇಳುವಾಗ ಕರಿಬಸಮ್ಮ ಪಕ್ಕದಲ್ಲೇ ಇದ್ದಳು. ಗುಡ್ಡ ಅಲ್ಲೇ ಇದೆ. ಪಂತದ ಸಾಲವೂ.