ಕ್ರೇನಿನವರ ಕೋಪ

ನಮ್ಮನೆಯವರಿಗೆ ಮೂಗಿನ ತುದಿಯಲ್ಲೇ ಕೋಪ. ಕೆಲಸ ಮಾತ್ರ ನೆಲದಿಂದ ಹದಿನೈದು ಮಹಡಿ ಮೇಲೆ, ಕ್ರೇನಿನ ಗಾಜಿನ ಗೂಡಿನಲ್ಲಿ. ಅಲ್ಲಿಂದ ಕೆಳಗಿನವರ ಮುಖ ಕಾಣುವುದಿಲ್ಲ, ಕೈ ಕಾಣುತ್ತದೆ ಅಷ್ಟೇ. ಕೆಳಗೆ ನಿಂತು ಸನ್ನೆ ಕೊಡುವವನು ಬೆರಳು ಮೇಲೆ ಮಾಡಿದರೆ ಎತ್ತಬೇಕು, ಮುಷ್ಟಿ ಹಿಡಿದರೆ ನಿಲ್ಲಿಸಬೇಕು. ಎದುರು ಮಾತಿಲ್ಲ. ಹನ್ನೊಂದು ವರ್ಷ ಆ ಕೈ ನನ್ನ ತಮ್ಮನದಾಗಿತ್ತು.

ಒಂದು ಮಧ್ಯಾಹ್ನ ತಮ್ಮ ಒಂದೇ ತೊಲೆಗೆ ಮೂರು ಸಲ ಮುಷ್ಟಿ ಹಿಡಿದ. ಮೇಲಿದ್ದವರಿಗೆ ಪಿತ್ತ ನೆತ್ತಿಗೇರಿತು, ಕ್ರೇನಿನ ಲಿವರ್ ಎಳೆದೇಬಿಟ್ಟರು. ಕಬ್ಬಿಣದ ತೊಲೆ ತೂಗಿ ಬಂದು ತಮ್ಮನ ಭುಜದ ಮೂಳೆ ಮುರಿಯಿತು. ಜೀವ ಉಳಿದದ್ದೇ ನಮ್ಮ ಪುಣ್ಯ. ಕಂಪನಿಯವರು ಇವರನ್ನು ಆರು ತಿಂಗಳು ಮನೆಯಲ್ಲಿ ಕೂರಿಸಿದರು. ಅದೇ ತಮ್ಮ ಕೆಳಗೆ ನಿಲ್ಲಲು ಒಪ್ಪಿದರೆ ಮಾತ್ರ ಪರೀಕ್ಷೆ, ಪರೀಕ್ಷೆಯಲ್ಲಿ ಗೆದ್ದರೆ ಮತ್ತೆ ಕ್ರೇನು, ಇಲ್ಲವಾದರೆ ಕೆಲಸ ಹೋದಂತೆಯೇ ಎಂದರು.

ಆಗಲೇ ಇವರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಬಳಿ ಹೋಗತೊಡಗಿದ್ದು. ಒಳಗೆ ಬರುವ ಕೋಪ, ಭಯಗಳನ್ನು ದೂರದಿಂದ ನೋಡು, ಬರುವುದು ನೀನಲ್ಲ, ನೋಡುವವನು ನೀನು, ಸಾಕ್ಷಿಯಾಗಿರು ಎಂದು ಮೇಷ್ಟ್ರು ಹೇಳಿಕೊಟ್ಟರಂತೆ. ಒಳ್ಳೆಯ ಮಾತೇ. ಆದರೆ ಇವರು ಅದನ್ನು ಹಿಡಿದ ರೀತಿ ಇದೆಯಲ್ಲ, ಅಯ್ಯೋ! "ನನಗೆ" ಎಂಬ ಮಾತೇ ಬಾಯಿಂದ ಹೋಯಿತು. ಕಾಲು ನೋಯುತ್ತಿದೆ, ಬೇಸರ ಬಂದಿದೆ, ಹೊಟ್ಟೆ ಹಸಿದಿದೆ ಎಂದು ಪಕ್ಕದ ಮನೆಯ ಸುದ್ದಿ ಹೇಳುವಂತೆ ಹೇಳುವರು.

"ಹಾಗಾದ್ರೆ ಹೊಟ್ಟೆಗೇ ಬಡಿಸ್ತೀನಿ, ನೀವು ನೋಡ್ತಾ ಕೂತಿರಿ" ಎಂದೆ ಒಂದು ದಿನ. ಅವರೂ ನಕ್ಕರು.

ಆದರೆ ಮೂಳೆ ಕೂಡಿದ ತಮ್ಮ ಮನೆಗೆ ಬಂದ ದಿನ ನಗು ಬರಲಿಲ್ಲ. ಕ್ಷಮಿಸು ಎಂಬ ಒಂದು ಮಾತಿಗಾಗಿ ಅವನು ಕಾದು ಕೂತಿದ್ದ. ಇವರು ಕಣ್ಣು ಅರ್ಧ ಮುಚ್ಚಿ, "ಕೋಪ ಎಳೆಸ್ತು, ಕೈ ಎಳೀತು. ನಾನು ಬರೀ ಸಾಕ್ಷಿ" ಎಂದರು. ತಮ್ಮ ತನ್ನ ಕೈಲಿದ್ದ ನೀರಿನ ಲೋಟ ಕೆಳಗಿಟ್ಟು ಎದ್ದುಹೋದ. ನನಗೆ ಮೈಯೆಲ್ಲ ಉರಿಯಿತು. ಇವರನ್ನು ಹಾಗೇ ಹೊರಡಿಸಿಕೊಂಡು ಮೇಷ್ಟ್ರ ಮುಂದೆ ನಿಲ್ಲಿಸಿ, ಇದೇನು ವಿದ್ಯೆ ಕಲಿಸಿದ್ದೀರಿ ಎಂದು ಕೇಳಿದೆ.

ಮೇಷ್ಟ್ರು ಎಲ್ಲ ಕೇಳಿ ಇವರತ್ತ ತಿರುಗಿದರು. "ಅವತ್ತು ನೀನು ನೋಡ್ತಿದ್ದಿದ್ರೆ ಕೈ ಎಳೀತಾನೇ ಇರ್ಲಿಲ್ಲ. ಈಗ ಸಾಕ್ಷಿ ಅಂತ ಹೇಳ್ಕೊಂಡು ತಪ್ಪಿಸ್ಕೊಳ್ತಿದ್ದೀಯ. ಮಾಡಿದ್ದನ್ನ ಮಾಡಿದ ಹಾಗೇ ನೋಡಪ್ಪ, ಮೊದಲು ಅದು."

ಇವರು ಎರಡು ದಿನ ಊಟಕ್ಕೂ ಸರಿಯಾಗಿ ಕೂರಲಿಲ್ಲ. ನಾನು ತಮ್ಮನ ಮನೆಗೆ ಹೋಗಿ ಕೈಕಾಲು ಹಿಡಿದು ಒಪ್ಪಿಸಿದೆ. ನಿನಗೋಸ್ಕರ ಒಂದೇ ಒಂದು ಸಲ ನಿಲ್ಲುತ್ತೇನೆ, ಆತನ ಜೊತೆ ಮಾತಿಲ್ಲ ಎಂದ ಅವನು.

ಪರೀಕ್ಷೆಯ ಬೆಳಿಗ್ಗೆ ನಾನು ಗೇಟಿನ ಕಾವಲುಗಾರನ ಪಕ್ಕ ನಿಂತಿದ್ದೆ. ಮೇಲೆ ಇವರ ಬಳಿ, ಕೆಳಗೆ ತಮ್ಮನ ಬಳಿ ಇದ್ದಂಥದೇ ವೈರ್‌ಲೆಸ್ ಅವನಲ್ಲೂ ಇತ್ತು, ಎಲ್ಲರ ಮಾತೂ ಕೇಳುತ್ತಿತ್ತು. ತೊಲೆ ಎರಡಾಳು ಎತ್ತರ ಏರಿತು. ತಮ್ಮ ತಲೆಯೆತ್ತಿ ನೋಡಿದವನೇ ಮುಷ್ಟಿ ಹಿಡಿದ. ತೊಲೆ ನಿಂತಿತು. ಆ ಮುಷ್ಟಿ ಬಿಚ್ಚಲೇ ಇಲ್ಲ, ಎಡಗೈಯಲ್ಲಿ ಮುರಿದಿದ್ದ ಭುಜ ಹಿಡಿದುಕೊಂಡೇ ನಿಂತಿದ್ದ. ಐದು ನಿಮಿಷವಾಯಿತು, ಹತ್ತಾಯಿತು. ಮೇಲ್ವಿಚಾರಕ ವೈರ್‌ಲೆಸ್‌ನಲ್ಲಿ, ಎತ್ತಯ್ಯ, ಕತ್ತೆ ಕಾಯೋಕೆ ಬಂದಿದ್ದೀಯ, ಎಂದು ಇವರನ್ನು ಎಲ್ಲರೆದುರು ಬೈದ. ಮುಗಿಯಿತು ಕಥೆ ಎಂದುಕೊಂಡೆ. ಇವರ ಕೋಪ ನನಗೆ ಗೊತ್ತಿಲ್ಲವೇ?

ಆಗ ಇವರ ದನಿ ಬಂತು, ನಿಧಾನವಾಗಿ.

"ಕೋಪ ಬಂದಿದೆ. ನೋಡ್ತಿದ್ದೀನಿ, ಲಿವರ್ ಮುಟ್ಟಿಲ್ಲ. ಅವತ್ತು ನೋಡ್ಲಿಲ್ಲ ಕಣೋ. ಎಳೆದಿದ್ದು ಕೋಪ ಅಲ್ಲ, ಕೈ ಅಲ್ಲ, ನಾನು. ನಿನಗೆ ಸಾಕಾಗೋವರೆಗೂ ಮುಷ್ಟಿ ಹಿಡ್ಕೊಂಡಿರು. ಸಂಜೆಯಾದ್ರೂ ಇಲ್ಲೇ ಕೂತಿರ್ತೀನಿ."

ನನ್ನ ತಮ್ಮ ಎಡಗೈಯಲ್ಲಿ ಮುಖ ಒರೆಸಿಕೊಂಡು, ಮುಷ್ಟಿ ಬಿಚ್ಚಿ, ಬೆರಳು ಮೇಲೆ ಮಾಡಿದ.

"ಎತ್ತಿ, ಭಾವ" ಎಂದ.

ತೊಲೆ ಒಂದಿಷ್ಟೂ ತೂಗದೆ ನೆಟ್ಟಗೆ ಏರಿತು. ದೂರ ನಿಂತು ನೋಡುವ ವಿದ್ಯೆ ನನಗಂತೂ ಬರುವುದಿಲ್ಲ, ಕಾವಲುಗಾರನ ಎದುರೇ ಗೊಳೋ ಎಂದು ಅತ್ತುಬಿಟ್ಟೆ.