ಕಿವಿಯಕ್ಕ ಹೇಳದ ನಾಲ್ಕನೇ ಸದ್ದು

ಆಕೆಯ ನಿಜವಾದ ಹೆಸರು ಕಾಗದದ ಗಿರಣಿಯ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಕಿವಿಯಕ್ಕ. ಗಂಡ ತೀರಿಕೊಂಡ ವರ್ಷ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸಕ್ಕೆಂದು ಒಳಗೆ ಕಾಲಿಟ್ಟವಳು ಇಪ್ಪತ್ತೊಂಬತ್ತು ವರ್ಷ ಅಲ್ಲೇ ಜೀವ ತೇದಳು. ಎಣ್ಣೆ ಡಬ್ಬಿ ಹಿಡಿದು ಓಡಾಡುತ್ತಿದ್ದವಳ ಕೈಗೆ ಮೊಳದುದ್ದದ ಸ್ಕ್ರೂಡ್ರೈವರ್ ಕೊಟ್ಟವನು ಒಬ್ಬ ಮುದಿ ಫಿಟ್ಟರ್. ಅದರ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರೆ ಯಂತ್ರದ ಹೊಟ್ಟೆಯೊಳಗಿನ ಸಂಕಟವೆಲ್ಲ ಕೇಳಿಸುತ್ತದೆ. ಕೇಳುವ ಕಿವಿ ಇರಬೇಕು, ಅಷ್ಟೇ.

ಆ ವಿದ್ಯೆಯಲ್ಲಿ ಮಾತು ನಾಲ್ಕೇ ನಾಲ್ಕು. ಬೇರಿಂಗ್ ಚೆನ್ನಾಗಿದ್ದರೆ ‘ತಣ್ಣಗಿದೆ’. ಗ್ರೀಸ್ ಒಣಗಿದ್ದರೆ ‘ಗೊಣಗ್ತಿದೆ’. ಒಳಗಿನ ಗುಂಡುಗಳು ಸವೆದಿದ್ದರೆ ‘ಹಲ್ಲು ಕಡೀತಿದೆ’. ನಾಲ್ಕನೆಯದು ‘ಸೊಳ್ಳೆ’. ಉಕ್ಕಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವಾಗ ಬರುವ ಸಣ್ಣ, ಮೊನಚು ಸದ್ದು ಅದು. ಗೊಣಗುವುದನ್ನು ವಾರ ತಡೆಯಬಹುದು, ಹಲ್ಲು ಕಡಿಯುವುದನ್ನು ಎರಡು ದಿನ ತಡೆಯಬಹುದು, ಸೊಳ್ಳೆ ಕೇಳಿಸಿದರೆ ನಿಂತ ಕಾಲಲ್ಲೇ ಯಂತ್ರ ನಿಲ್ಲಿಸಬೇಕು. ಫಿಟ್ಟರ್‌ನ ಕಾಲದಲ್ಲಿ ಯಾರೋ ಅದನ್ನು ಅಸಡ್ಡೆ ಮಾಡಿದ್ದಕ್ಕೆ ಕಾಗದ ಒಣಗಿಸಲು ಗಾಳಿ ಊದುವ ಬ್ಲೋವರಿನ ರೆಕ್ಕೆ ಕಿತ್ತುಕೊಂಡು ಗೋಡೆ ತೂರಿ ಹೋಗಿತ್ತಂತೆ. ಗೋಡೆಯ ಆಚೆ ಇಬ್ಬರು ಊಟಕ್ಕೆ ಕೂತಿದ್ದರು.

ಹೀಗಿರುವಾಗ ನಮ್ಮ ಪ್ರಾಂತ್ಯಕ್ಕೆ ಒಂದು ಕೌಶಲ್ಯ ಯೋಜನೆ ಬಂತು. ಹೊಸ ತಂತ್ರಜ್ಞಾನ ಬರಬೇಕು, ಅದಕ್ಕೆ ತಕ್ಕ ಕೆಲಸಗಾರರು ಇಲ್ಲೇ ತಯಾರಾಗಬೇಕು, ಪ್ರಾಂತ್ಯದ ಐದೂ ಕಾಗದದ ಗಿರಣಿಗಳು ಬೆಳೆಯಬೇಕು, ಅದರಿಂದ ನಾವೆಲ್ಲ ಉದ್ಧಾರವಾಗಬೇಕು. ಕೇಳಲಿಕ್ಕೆ ಏನು ಚೆಂದ! ಹಾಗಂತ ಅಚ್ಚು ಹಾಕಿಸಿದ ನುಣುಪು ಪುಸ್ತಕವನ್ನು ಗಿರಣಿಯಲ್ಲೆಲ್ಲ ಹಂಚಿದರು. ಕಾಗದ ಮಾತ್ರ ನಮ್ಮ ಗಿರಣಿಯದಲ್ಲ, ಹೊರಗಿಂದ ತರಿಸಿದ್ದು.

ಯೋಜನೆಯ ಮುಖ್ಯಸ್ಥೆಯನ್ನು ಎಲ್ಲರೂ ಕೌಶಲ್ಯ ಮೇಡಂ ಅನ್ನುತ್ತಿದ್ದರು. ಕೆಟ್ಟ ಹೆಂಗಸೇನಲ್ಲ. ಕಿವಿಯಕ್ಕನ ಎರಡೂ ಕೈ ಹಿಡಿದು, “ಅಕ್ಕ, ನಿಮ್ಮ ಕಿವೀಲಿರೋ ವಿದ್ಯೆ ನಿಮ್ಮ ಜೊತೇನೇ ಹೋಗ್ಬಿಡಬಾರದು. ಕಂಪ್ಯೂಟರಿಗೆ ಕಲಿಸಿಕೊಡಿ. ನಲವತ್ತು ಜನ ಹುಡುಗ ಹುಡುಗೀರನ್ನ ಅದರ ಮುಂದೆ ಕೂರಿಸ್ತೀವಿ. ಅವರಲ್ಲಿ ನಿಮ್ಮ ಮಗಳೂ ಒಬ್ಬಳು” ಎಂದಳು.

ಕಿವಿಯಕ್ಕನಿಗೆ ಬೇಕಾಗಿದ್ದು ಆ ಕೊನೆಯ ಮಾತೇ. ಐದು ವರ್ಷದ ಮಗುವನ್ನು ಎತ್ತಿಕೊಂಡು ಗಂಡನ ಮನೆ ಬಿಟ್ಟು ಬಂದ ಮಗಳು ಎರಡು ವರ್ಷದಿಂದ ಕೆಲಸಕ್ಕಾಗಿ ಮೆಟ್ಟಿಲು ಹತ್ತಿ ಇಳಿದು ಸಾಕಾಗಿದ್ದಳು. ಯೋಜನೆಯಲ್ಲಿ ತಜ್ಞರಾಗಿ ಸೇರಿದವರ ಮನೆಗೆ ಒಂದು ಸೀಟು ಖಾಯಂ. ತಜ್ಞರು ಹೊರಬಿದ್ದರೆ ಸೀಟೂ ಇಲ್ಲ. ಅದನ್ನು ಮೇಡಂ ನಗುನಗುತ್ತಲೇ ಹೇಳಿದ್ದಳು.

ಗಾಜಿನ ಕೋಣೆಯೊಂದರಲ್ಲಿ ಕೆಲಸ ಶುರುವಾಯಿತು. ಕಿವಿಗೆ ಹೆಡ್‌ಫೋನ್, ಕಾಲ ಕೆಳಗೆ ಮೆತ್ತನೆಯ ಹಾಸು, ಎದುರಿಗೆ ಮಾತಿಗೊಂದರಂತೆ ನಾಲ್ಕು ಗುಂಡಿಗಳು. ಐದೂ ಗಿರಣಿಗಳಿಂದ ರೆಕಾರ್ಡು ಮಾಡಿ ತಂದ ಸದ್ದುಗಳನ್ನು ಒಂದೊಂದಾಗಿ ಕೇಳಿ ಗುಂಡಿ ಒತ್ತಬೇಕು. ಜೊತೆಗಿದ್ದ ಇಂಜಿನಿಯರ್ ಮೆತ್ತಗಿನ ಮನುಷ್ಯ, ಆಕೆಯನ್ನು ಅಕ್ಕ ಅಂತಲೇ ಕರೆಯುತ್ತಿದ್ದ. ದಿನಕ್ಕೆ ಆರುನೂರು ಸದ್ದು. ತಣ್ಣಗಿದೆ, ತಣ್ಣಗಿದೆ, ಗೊಣಗ್ತಿದೆ, ತಣ್ಣಗಿದೆ. ಇಪ್ಪತ್ತೊಂಬತ್ತು ವರ್ಷದ ಮೇಲೆ ಕೂತು ಮಾಡುವ ಕೆಲಸ ಸಿಕ್ಕಿತಲ್ಲ ಎಂದು ಆಕೆ ಹಿಗ್ಗಿದಳು.

ಎರಡನೇ ತಿಂಗಳ ಒಂದು ಭಾನುವಾರ ಮೊಮ್ಮಗಳಿಗೆ ಜ್ವರ ಬಂತು. ಮಗಳು ಔಷಧಿ ತರಲು ಹೋಗಿದ್ದಳು. ಕಿವಿಯಕ್ಕ ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅದು ಕೂಗಲಿ ಎಂದು ಕಾಯುತ್ತ ಕೂತಳು.

“ಅಜ್ಜಿ, ತೆಗಿ” ಎಂದಿತು ಮಗು.

“ಇರು ಪುಟ್ಟ, ಅದಿನ್ನೂ ಕೂಗಿಲ್ಲ.”

“ಆವಾಗಿಂದ ಕೂಗ್ತಾನೇ ಇದೆ ಅಜ್ಜಿ! ಪೀ ಪೀ ಪೀ ಅಂತ. ನಿಂಗೆ ಕೇಳಿಸಲ್ವಾ?”

ಕಿವಿಯಕ್ಕ ಅದನ್ನು ತೆಗೆದು ಒಂದು ಕಿವಿಗೆ ಹಿಡಿದಳು, ಇನ್ನೊಂದಕ್ಕೆ ಹಿಡಿದಳು. ಏನೂ ಇಲ್ಲ. ಮಗುವಿನ ಮಾತು ಕೇಳಿಸುತ್ತಿತ್ತು, ಬೀದಿಯ ಗಾಡಿ ಕೇಳಿಸುತ್ತಿತ್ತು, ಗೋಡೆಯಾಚೆ ಯಾರೋ ಪಾತ್ರೆ ಇಟ್ಟದ್ದೂ ಕೇಳಿಸಿತು. ಆ ಸಣ್ಣ ಸದ್ದೊಂದೇ ಕೇಳಿಸಲಿಲ್ಲ. ಎರಡು ತಿಂಗಳಲ್ಲಿ ತಾನು ನಾಲ್ಕನೇ ಗುಂಡಿಯನ್ನು ಒಮ್ಮೆಯೂ ಒತ್ತಿಲ್ಲ ಎಂಬುದು ಆಗ ಹೊಳೆಯಿತು. ಇಪ್ಪತ್ತೊಂಬತ್ತು ವರ್ಷದ ಸದ್ದಿನಲ್ಲಿ ಕಿವಿಯ ಆ ಒಂದು ತುದಿ ಯಾವಾಗಲೋ ಸತ್ತುಹೋಗಿತ್ತು. ಸೊಳ್ಳೆ ಕೂಗಿದ್ದಕ್ಕೆಲ್ಲ ಆಕೆ ‘ತಣ್ಣಗಿದೆ’ ಒತ್ತಿದ್ದಳು.

ಹೇಳಬೇಕಿತ್ತು. ಹೇಳಬೇಕಿತ್ತು ಅನ್ನುವುದು ನನಗೂ ಗೊತ್ತು, ನಿಮಗೂ ಗೊತ್ತು, ಆಕೆಗಂತೂ ಚೆನ್ನಾಗಿ ಗೊತ್ತಿತ್ತು. ಸೋಮವಾರ ಹೇಳೋಣ ಎಂದುಕೊಂಡು ಹೋದಳು. ಸೋಮವಾರ ಮಗಳಿಗೆ ಹೊಸ ಸಮವಸ್ತ್ರ ಕೊಟ್ಟರು. ಮಗಳು ಅದನ್ನು ಮನೆಯಲ್ಲಿ ತೊಟ್ಟು ತೋರಿಸಿ, ಎರಡು ವರ್ಷದಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕಳು. ಮುಂದಿನ ವಾರ ಹೇಳಿದರಾಯಿತು ಅಂತ ಕಿವಿಯಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

ಮೂರು ತಿಂಗಳು ಮುಗಿದ ದಿನ ಇಂಜಿನಿಯರ್ ಕುಣಿಯುತ್ತ ಬಂದ. “ಅಕ್ಕ, ಕಂಪ್ಯೂಟರ್ ನೂರಕ್ಕೆ ತೊಂಬತ್ತೆಂಟು ಸರಿ ಹೇಳ್ತಿದೆ!”

“ಸರಿ ಅಂತ ಹೇಗೆ ಗೊತ್ತಾಯ್ತು? ಯಾರ ಉತ್ತರದ ಜೊತೆ ಇಟ್ಟು ನೋಡಿದ್ರಿ?”

“ನಿಮ್ಮದರ ಜೊತೇನೇ ಅಕ್ಕ. ಇನ್ಯಾರದು?” ಅವನು ನಕ್ಕ. “ಆಮೇಲೆ ಆ ಸೊಳ್ಳೆ ಗುಂಡಿ ಇತ್ತಲ್ಲ, ತೆಗೆದ್ಬಿಟ್ಟೆ. ಒಂದೂ ಬರಲಿಲ್ಲ ನೋಡಿ. ನಮ್ಮ ಗಿರಣಿಗಳಲ್ಲಿ ಆ ರೋಗಾನೇ ಇಲ್ಲ ಅಂತಾಯ್ತು.”

“ಹೌದಪ್ಪಾ, ಒಳ್ಳೇದಾಯ್ತು” ಎಂದಳು ಕಿವಿಯಕ್ಕ. ಎಂಥ ಮಾತು ಬಂತು ನೋಡಿ ಬಾಯಲ್ಲಿ!

ಐದೂ ಗಿರಣಿಗಳಲ್ಲಿ ಬೇರಿಂಗಿಗೊಂದರಂತೆ ದೀಪ ಕೂರಿಸಿದರು. ಹಸಿರು ಅಂದರೆ ತಣ್ಣಗಿದೆ. ಸ್ಕ್ರೂಡ್ರೈವರ್ ಹಿಡಿದು ಓಡಾಡುತ್ತಿದ್ದ ಹಳಬರನ್ನು, ಕಿವಿಯಕ್ಕನನ್ನೂ ಸೇರಿಸಿ, ಹಾರ ಹಾಕಿ ಮನೆಗೆ ಕಳಿಸಿದರು. ನಲವತ್ತು ಜನರನ್ನು ಹಂಚಿದಾಗ ಮಗಳ ಪಾಲಿಗೆ ಬಂದದ್ದು ಈ ಗಿರಣಿಯ ಕಾಗದ ಒಣಗಿಸುವ ಹಾಲ್. ಅವಳ ಕುರ್ಚಿ, ಪರದೆ ಎರಡೂ ಏಳನೇ ಬ್ಲೋವರಿನ ಮಗ್ಗುಲಲ್ಲಿ, ಮೂರು ಹೆಜ್ಜೆ ದೂರದಲ್ಲಿ.

“ಗಾಳಿ ಬರುತ್ತಮ್ಮಾ, ಒಳ್ಳೇ ಜಾಗ” ಎಂದಳು ಮಗಳು.

ಅಂದಿನಿಂದ ಮಗಳು ಬೆಳಿಗ್ಗೆ ಹೊರಟರೆ ಸಂಜೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಗುವ ತನಕ ಕಿವಿಯಕ್ಕ ಬಾಗಿಲಲ್ಲೇ ಕೂತಿರುತ್ತಿದ್ದಳು. ಹತ್ತೊಂಬತ್ತು ದಿನ ಹೀಗೆ ಕೂತಳು. ಇಪ್ಪತ್ತನೇ ದಿನ ಮನೆಯವರು ಬಂದು ನೋಡಿಕೊಂಡು ಹೋಗಬಹುದು ಎಂದು ಗಿರಣಿಯವರು ಹೇಳಿ ಕಳಿಸಿದರು. ಆಕೆ ಹಳೇ ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು.

ಹಾಲ್ ತುಂಬ ಹನ್ನೆರಡು ಬ್ಲೋವರ್, ಹನ್ನೆರಡು ಹಸಿರು ದೀಪ. ಮೇಡಂ ಬಂದವರಿಗೆಲ್ಲ ವಿವರಿಸುತ್ತಿದ್ದಳು, ಪಕ್ಕದಲ್ಲಿ ಇಂಜಿನಿಯರ್ ನಿಂತಿದ್ದ. ಕಿವಿಯಕ್ಕ ಸೀದಾ ಮಗಳ ಹತ್ತಿರ ಹೋಗಿ ಸ್ಕ್ರೂಡ್ರೈವರ್ ಕೈಗಿಟ್ಟಳು. “ತುದೀನ ಅಲ್ಲಿಡು. ಹಿಡೀನ ಕಿವಿ ಹಿಂದೆ ಒತ್ತು.”

“ಅಯ್ಯೋ, ಎಲ್ಲರೂ ನೋಡ್ತಿದಾರೆ ಕಣಮ್ಮಾ.”

“ನೋಡಲಿ. ಹೇಳಿದಷ್ಟು ಮಾಡು.”

ಮಗಳು ಮಾಡಿದಳು. ಮೊದಲು ನಾಚಿಕೆಯಲ್ಲಿ ನಗುತ್ತಿದ್ದಳು. ಆಮೇಲೆ ನಗು ನಿಂತಿತು. “ಬ್ಲೋವರ್ ಸದ್ದಲ್ಲದೆ ಇನ್ನೂ ಒಂದು ಕೇಳ್ತಿದೆಯಮ್ಮಾ. ತುಂಬಾ ಸಣ್ಣಗೆ. ಕಿವಿ ಹತ್ರ ಸೊಳ್ಳೆ ಬಂದ ಹಾಗೆ.”

ಕಿವಿಯಕ್ಕ ಯಾರನ್ನೂ ಕೇಳಲಿಲ್ಲ. ಗೋಡೆಯ ಮೇಲಿನ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಏಳನೇ ಬ್ಲೋವರ್ ನಿಧಾನವಾಗಿ ನಿಂತಿತು. ಮೇಲ್ವಿಚಾರಕ ಓಡಿ ಬಂದು, “ಹಸಿರು ಇದ್ದಾಗ ನಿಲ್ಲಿಸೋ ಹಾಗಿಲ್ಲ, ನಿಮ್ಮ ಮಗಳ ಕೆಲಸಕ್ಕೆ ಕುತ್ತು ಬರುತ್ತೆ” ಎಂದು ಕೂಗಾಡಿದ. “ಬಿಚ್ಚಿ ನೋಡ್ರಪ್ಪಾ, ಆಮೇಲೆ ಬೈರಿ” ಎಂದು ಆಕೆ ಗುಂಡಿಗೆ ಬೆನ್ನು ಕೊಟ್ಟು ನಿಂತಳು.

ಬಿಚ್ಚುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಬೇರಿಂಗಿನ ಹೊರಬಳೆಯಲ್ಲಿ ಉದ್ದಕ್ಕೂ ಬಿರುಕಿತ್ತು. ಇನ್ನೊಂದೆರಡು ದಿನ ತಡೆಯುತ್ತಿತ್ತೋ ಏನೋ ಎಂದ ಬಿಚ್ಚಿದ ಫಿಟ್ಟರ್. ಮೇಡಂ ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು.

“ನೋಡಿದ್ರಾ ನಮ್ಮ ಕಿವಿಯಕ್ಕನ ಕಿವಿ!” ಎಂದಳು ಮೇಡಂ. “ಇದೇ ಕಿವೀನ ಮುಂದಿನ ವರ್ಷ ಇನ್ನೂ ಇಪ್ಪತ್ತು ಗಿರಣಿಗೆ ಕೊಡ್ತೀವಿ!”

“ಕೊಡಬೇಡಿ!” ಕಿವಿಯಕ್ಕ ಕಿರುಚಿದಳು. “ನನಗೆ ಕೇಳಿಸಿಲ್ಲ ಮೇಡಂ, ಅವಳಿಗೆ ಕೇಳಿಸಿದ್ದು. ನನಗೆ ಸೊಳ್ಳೆ ಕೇಳಿಸೋದೇ ಇಲ್ಲ. ನಿಮ್ಮ ಕಂಪ್ಯೂಟರಿಗೆ ನಾನು ಕಲಿಸಿದ್ದು ಕಿವುಡು.”

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಇಂಜಿನಿಯರ್ ಮುಂದೆ ಬಂದ. “ಯಾವಾಗಿಂದ ಗೊತ್ತಿತ್ತು ಅಕ್ಕ?” ಎಂದ.

“ಎರಡನೇ ತಿಂಗಳಿಂದ.”

ಅವನು ಫೋನ್ ತೆಗೆದು ಉಳಿದ ನಾಲ್ಕು ಗಿರಣಿಗಳಿಗೆ ಕರೆ ಮಾಡತೊಡಗಿದ. ಮೊದಲನೆಯದರಲ್ಲಿ, “ಇಲ್ಲಿ ಎಲ್ಲಾ ಹಸಿರಿದೆ ಸರ್” ಎಂದು ಇಟ್ಟುಬಿಟ್ಟರು. ಎರಡನೆಯದರಲ್ಲಿ ಯಾರೂ ಎತ್ತಲಿಲ್ಲ.

ಮಗಳು ಅಮ್ಮನನ್ನೇ ನೋಡುತ್ತಿದ್ದಳು. “ನನ್ನ ಕುರ್ಚಿ ಇಲ್ಲಿ ಹಾಕಿದಾರೆ ಅಂತ ಹೇಳಿದ್ನಲ್ಲಾ, ಅವತ್ತೂ ಗೊತ್ತಿತ್ತಾ ನಿಂಗೆ?”

“ಹೂಂ” ಎಂದಳು ಕಿವಿಯಕ್ಕ.

ಮಗಳು ಸ್ಕ್ರೂಡ್ರೈವರ್ ಹಿಡಿದು ಎಂಟನೇ ಬ್ಲೋವರಿನ ಹತ್ತಿರ ಹೋದಳು, ತುದಿಯಿಟ್ಟು ಕಣ್ಣು ಮುಚ್ಚಿ ಕೇಳಿದಳು. ಅಲ್ಲಿಂದ ಒಂಬತ್ತನೆಯದಕ್ಕೆ ಹೋದಳು. ಅವಳು ತಿರುಗಿ, ಅಮ್ಮನಿಗಲ್ಲ, ಇಂಜಿನಿಯರ್‌ಗೆ ಹೇಳಿದಳು:

“ಈ ಎರಡರಲ್ಲೂ ಇದೆ ಸರ್.”